ಅಮ್ಮನ ಹಳೆಯ ಟ್ಯಾಬ್ಲೆಟ್ ರೂಟ್ ಮಾಡಿಸಬೇಕೇ, ಬೇಡವೇ?

ಪ್ರಶ್ನೆ: ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ಬಳಸುತ್ತಿರುವ ಹತ್ತು ಇಂಚಿನ ಟ್ಯಾಬ್ಲೆಟ್ ವಿಷಯದಲ್ಲಿ ನಾನು ಎರಡು ವಾರದಿಂದ ಒಂದು ನಿರ್ಧಾರಕ್ಕೆ ಬರಲಾಗದೆ ಇದ್ದೇನೆ. ಅದರಲ್ಲಿರುವುದು ಆಂಡ್ರಾಯ್ಡ್ 7.0, 2 ಜಿಬಿ ರ್‍ಯಾಮ್, 16 ಜಿಬಿ ಸ್ಟೋರೇಜ್. ಕಂಪನಿಯಿಂದ ಅಪ್‌ಡೇಟ್ ಬರುವುದು ನಿಂತು ವರ್ಷಗಳಾಗಿವೆ. ಕುಂದಾಪುರ ಬಿಟ್ಟು ನಮ್ಮ ಜೊತೆ ಬಂದಿರುವ ಅಮ್ಮನಿಗೆ ಎಪ್ಪತ್ತೊಂದು ವರ್ಷ. ಬೆಳಿಗ್ಗೆ ಕನ್ನಡ ಪತ್ರಿಕೆ ಓದುವುದು, ಮಧ್ಯಾಹ್ನ ಯಕ್ಷಗಾನದ ಪ್ರಸಂಗ ನೋಡುವುದು, ರಾತ್ರಿ ಚಿಕ್ಕಮ್ಮನ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುವುದು, ತಿಂಗಳಿಗೊಮ್ಮೆ ಬ್ಯಾಂಕಿನ ಆ್ಯಪ್ ತೆರೆದು ಅಪ್ಪನ ಕುಟುಂಬ ಪಿಂಚಣಿ ಜಮಾ ಆಗಿದೆಯೇ ಎಂದು ನೋಡುವುದು, ಇವೆಲ್ಲ ಅದರಲ್ಲೇ ನಡೆಯುತ್ತವೆ.

ಈಗಿರುವ ತೊಂದರೆ ಮೂರು ಬಗೆಯದು. ಒಂದು, ಸ್ಟೋರೇಜ್ ತುಂಬಿ 300 ಎಂಬಿಯಷ್ಟೇ ಉಳಿದಿದೆ, ಯಾವ ಆ್ಯಪ್ ಕೂಡ ಅಪ್‌ಡೇಟ್ ಆಗುತ್ತಿಲ್ಲ. ಎರಡು, ಕೊಳ್ಳುವಾಗಲೇ ತುಂಬಿಸಿ ಕೊಟ್ಟಿದ್ದ ಆಟಗಳು, ಹವಾಮಾನ, ಅಂಗಡಿ ಮುಂತಾದ ಇಪ್ಪತ್ತಕ್ಕೂ ಹೆಚ್ಚು ಆ್ಯಪ್‌ಗಳನ್ನು ತೆಗೆಯಲು ಸಾಧ್ಯವಾಗುತ್ತಿಲ್ಲ. ಮೂರು, ಕೆಲವು ಜಾಲತಾಣಗಳನ್ನು ತೆರೆದರೆ ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಎಚ್ಚರಿಕೆ ಬಂದು ಪುಟವೇ ತೆರೆಯುವುದಿಲ್ಲ. ಇಲ್ಲಿಯ ರಿಪೇರಿ ಅಂಗಡಿಯೊಂದರಲ್ಲಿ ಕೇಳಿದಾಗ, ರೂಟ್ ಮಾಡಿಬಿಟ್ಟರೆ ಮೂರೂ ಸರಿಹೋಗುತ್ತವೆ, ಐನೂರು ರೂಪಾಯಿ ಕೊಡಿ, ಸಂಜೆ ಬಂದು ಒಯ್ಯಿರಿ ಎಂದರು. ಅಮ್ಮನಿಗೆ ಕೈಗೆ ಒಗ್ಗಿಹೋದ ವಸ್ತು ಇದು, ಹೊಸದು ತಂದುಕೊಟ್ಟರೂ ಬೇಡ ಎನ್ನುತ್ತಾರೆ. ಅವಸರಪಟ್ಟು ಕೆಡಿಸಬಾರದೆಂದು ಕೇಳುತ್ತಿದ್ದೇನೆ. ರೂಟ್ ಮಾಡಿಸಬಹುದೇ?

ಉತ್ತರ: ಡೊಂಬಿವಲಿ

ನಮಸ್ಕಾರ ಸರ್. ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ನಿಮ್ಮ ಸಂದರ್ಭದಲ್ಲಿ ರೂಟ್ ಮಾಡಿಸಬೇಡಿ. ರೂಟ್ ಎಂಬುದೇ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ನೀವು ಬರೆದ ಮೂರು ತೊಂದರೆಗಳಲ್ಲಿ ಒಂದಕ್ಕೂ ಅದು ಬೇಕಾಗಿಲ್ಲ, ಮೊದಲನೆಯದಕ್ಕಂತೂ ಅದರಿಂದ ಉಪಯೋಗವೇ ಆಗುವುದಿಲ್ಲ.

ಆಂಡ್ರಾಯ್ಡ್‌ನ ಒಳಗಿರುವುದು ಲಿನಕ್ಸ್ ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶ. ಲಿನಕ್ಸ್‌ನಲ್ಲಿ ಎಲ್ಲ ಕಡತಗಳ ಮೇಲೂ ಅಧಿಕಾರವಿರುವ, ಸೊನ್ನೆ ಎಂಬ ಗುರುತಿನ ಸಂಖ್ಯೆಯ ಬಳಕೆದಾರನಿಗೆ ರೂಟ್ ಎಂದು ಹೆಸರು. ಟ್ಯಾಬ್ಲೆಟ್ ನಮ್ಮ ಕೈಗೆ ಬರುವಾಗ ಆ ಅಧಿಕಾರ ನಮಗಾಗಲಿ, ನಾವು ಹಾಕಿಕೊಳ್ಳುವ ಆ್ಯಪ್‌ಗಳಿಗಾಗಲಿ ಇರುವುದಿಲ್ಲ; ಅದನ್ನು ಪಡೆದುಕೊಳ್ಳುವುದಕ್ಕೆ ರೂಟ್ ಮಾಡುವುದು ಎನ್ನುತ್ತಾರೆ. ಇದರಿಂದ ಹೊಸ ಆಂಡ್ರಾಯ್ಡ್ ಬರುವುದಿಲ್ಲ, ನಿಂತುಹೋದ ಸುರಕ್ಷತಾ ಅಪ್‌ಡೇಟ್ ಕೂಡ ಬರುವುದಿಲ್ಲ. ಹೊಸ ಆವೃತ್ತಿ ಬೇಕಿದ್ದರೆ ಲಿನಿಯೇಜ್‌ಓಎಸ್‌ನಂತಹ ಬೇರೆ ರಾಮ್ (ಕಂಪನಿಯದಲ್ಲದ ಆಂಡ್ರಾಯ್ಡ್ ತಂತ್ರಾಂಶ) ಹಾಕಬೇಕು, ಅದೂ ನಿಮ್ಮ ಮಾದರಿಗೆಂದೇ ಯಾರಾದರೂ ಸಿದ್ಧಪಡಿಸಿದ್ದರೆ ಮಾತ್ರ. ಅಂಗಡಿಯವರು ಈ ಎರಡನ್ನೂ ಒಂದೇ ಎಂಬಂತೆ ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ.

ಈಗ ಸ್ಟೋರೇಜ್ ವಿಷಯ. 16 ಜಿಬಿ ಎನ್ನುವುದು ಒಂದೇ ಹರವಾದ ಜಾಗವಲ್ಲ, ಅದನ್ನು ಪಾರ್ಟಿಷನ್ ಎಂಬ ಬೇರೆ ಬೇರೆ ಭಾಗಗಳಾಗಿ ಹಂಚಿರುತ್ತಾರೆ. ಕಂಪನಿ ಕೊಟ್ಟ ಆಂಡ್ರಾಯ್ಡ್ ಮತ್ತು ಅದರ ಜೊತೆ ಬಂದ ಆ್ಯಪ್‌ಗಳು ಸಿಸ್ಟಮ್ ಎಂಬ ಪಾರ್ಟಿಷನ್‌ನಲ್ಲಿ ಇರುತ್ತವೆ. ನೀವು ಹಾಕಿಕೊಂಡ ಆ್ಯಪ್‌ಗಳು, ಫೋಟೊಗಳು, ವಿಡಿಯೊಗಳು ಡೇಟಾ ಎಂಬ ಬೇರೆ ಪಾರ್ಟಿಷನ್‌ನಲ್ಲಿ ಇರುತ್ತವೆ. ಇವುಗಳ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ರೂಟ್ ಮಾಡಿ ಸಿಸ್ಟಮ್‌ನೊಳಗಿನ ಇಪ್ಪತ್ತು ಆ್ಯಪ್‌ಗಳನ್ನು ಅಳಿಸಿದರೂ ಆ ಖಾಲಿ ಜಾಗ ಸಿಸ್ಟಮ್‌ನಲ್ಲೇ ಉಳಿಯುತ್ತದೆಯೇ ಹೊರತು ಅಮ್ಮನ ಪ್ರಸಂಗಗಳಿಗೆ ಒಂದು ಎಂಬಿಯೂ ಸಿಗುವುದಿಲ್ಲ. ದೇವರ ಕೋಣೆಯ ಗೂಡು ಖಾಲಿ ಮಾಡಿದರೆ ಅಡುಗೆಮನೆಯ ಡಬ್ಬಿಗಳಿಗೆ ಜಾಗವಾಗದು. ಜಾಗ ತಿನ್ನುತ್ತಿರುವುದು ಆ ಆ್ಯಪ್‌ಗಳಿಗೆ ಆಮೇಲೆ ಬಂದ ಅಪ್‌ಡೇಟ್‌ಗಳು, ಏಕೆಂದರೆ ಅವು ಡೇಟಾ ಪಾರ್ಟಿಷನ್‌ನಲ್ಲಿ ಬಂದು ಕೂರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆಯಾ ಆ್ಯಪ್‌ನ ಪುಟಕ್ಕೆ ಹೋಗಿ ಅಪ್‌ಡೇಟ್‌ಗಳನ್ನು ಅಳಿಸಿ, ಬಳಿಕ ನಿಷ್ಕ್ರಿಯಗೊಳಿಸಿ. ಅಷ್ಟು ಮಾಡಲು ರೂಟ್ ಬೇಕಿಲ್ಲ.

ನಿಷ್ಕ್ರಿಯಗೊಳಿಸುವ ಗುಂಡಿಯೇ ಮಸುಕಾಗಿದ್ದು ಒತ್ತಲು ಬಾರದಿದ್ದರೆ ಕಂಪ್ಯೂಟರಿನ ಸಹಾಯ ಪಡೆಯಬೇಕಾಗುತ್ತದೆ. ಟ್ಯಾಬ್ಲೆಟ್ ಕುರಿತ ಮಾಹಿತಿ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ಕಾಣಿಸುತ್ತವೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಚಾಲೂ ಮಾಡಿ. ಗೂಗಲ್ ಉಚಿತವಾಗಿ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಎಂಬ ಕಂತೆಯಲ್ಲಿ, ಕಂಪ್ಯೂಟರಿನಿಂದ ಟ್ಯಾಬ್ಲೆಟ್‌ಗೆ ಆದೇಶ ಕೊಡುವ ಎಡಿಬಿ ಎಂಬ ತಂತ್ರಾಂಶ ಇರುತ್ತದೆ. ಆದೇಶ ಬರೆಯುವ ಅದರ ಶೆಲ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್‌ಗೆ ಡಿಸೇಬಲ್-ಯೂಸರ್ ಎಂಬ ಆದೇಶವನ್ನು ಬಳಕೆದಾರ ಸೊನ್ನೆಗೆ (ಇದು ರೂಟ್ ಅಲ್ಲ, ಟ್ಯಾಬ್ಲೆಟ್‌ನ ಮೊದಲ ಬಳಕೆದಾರ) ಅನ್ವಯಿಸುವಂತೆ ಕೊಟ್ಟು, ಮುಂದೆ ಆ ಆ್ಯಪ್‌ನ ಪ್ಯಾಕೇಜ್ ಹೆಸರು ಬರೆದರೆ ಅದು ಸುಮ್ಮನಾಗುತ್ತದೆ. ಅನ್‌ಇನ್‌ಸ್ಟಾಲ್ ಆದೇಶವೂ ಇದೆ, ಆದರೆ ನಿಮ್ಮ ಆಂಡ್ರಾಯ್ಡ್‌ನಲ್ಲಿ ನಿಷ್ಕ್ರಿಯಗೊಳಿಸುವುದೇ ಲೇಸು, ಏಕೆಂದರೆ ಎಡವಟ್ಟಾದರೆ ಎನೇಬಲ್ ಎಂಬ ಒಂದೇ ಆದೇಶದಿಂದ ಅದನ್ನು ಹಿಂದಕ್ಕೆ ತರಬಹುದು. ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ತೆಗೆಯಬೇಡಿ, ಪ್ರತಿ ಸಲವೂ ಮರುಚಾಲನೆ ಮಾಡಿ ನೋಡಿ, ಏನೇನು ನಿಲ್ಲಿಸಿದಿರಿ ಎಂಬುದನ್ನು ಕಾಗದದಲ್ಲಿ ಬರೆದಿಡಿ. ಇದೇ ಕೆಲಸದಿಂದ ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡುತ್ತಿದ್ದ ಆ್ಯಪ್‌ಗಳು ನಿಂತು, 2 ಜಿಬಿ ರ್‍ಯಾಮ್‌ಗೂ ಸ್ವಲ್ಪ ಉಸಿರು ಬರುತ್ತದೆ.

ಇಷ್ಟಾದರೂ ಜಾಗ ಸಾಲದಿದ್ದರೆ ಮೆಮೊರಿ ಕಾರ್ಡ್ ಹಾಕಿ. ಆಂಡ್ರಾಯ್ಡ್ 6.0ರಿಂದ ಕಾರ್ಡನ್ನೇ ಒಳಗಿನ ಸ್ಟೋರೇಜ್ ಆಗಿ ಸೇರಿಸಿಕೊಳ್ಳುವ ಸೌಲಭ್ಯ ಬಂದಿದೆ. ಕೆಲವು ಕಂಪನಿಗಳು ಅದನ್ನು ಮುಚ್ಚಿಟ್ಟಿವೆ, ನಿಮ್ಮದರಲ್ಲಿ ಕಾಣಿಸುತ್ತದೆಯೇ ಎಂದು ಸ್ಟೋರೇಜ್ ಪುಟದಲ್ಲಿ ಕಾರ್ಡಿನ ಮೆನು ತೆರೆದು ನೋಡಿ. ಹಾಗೆ ಸೇರಿಸಿದರೆ ಕಾರ್ಡಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಅದು ಆ ಟ್ಯಾಬ್ಲೆಟ್‌ಗೆ ಮಾತ್ರ ತಿಳಿಯುವ ಗೂಢಲಿಪಿಯಲ್ಲಿ ಇರುತ್ತದೆ, ಬೇರೆಡೆ ಹಾಕಿದರೆ ಓದಲು ಬರುವುದಿಲ್ಲ. ನಿಧಾನದ ಕಾರ್ಡ್ ಹಾಕಿದರೆ ಇಡೀ ಟ್ಯಾಬ್ಲೆಟ್ ನಿಧಾನವಾಗುತ್ತದೆ. ಎ1 ಎಂಬ ಗುರುತಿರುವುದನ್ನೇ ಕೊಳ್ಳಿ. ಅಮ್ಮನವರು ಹೆಚ್ಚಾಗಿ ವಿಡಿಯೊಗಳನ್ನೇ ಇಟ್ಟುಕೊಳ್ಳುವುದಾದರೆ ಕಾರ್ಡನ್ನು ಸಾಮಾನ್ಯ ಕಾರ್ಡಾಗಿಯೇ ಬಿಟ್ಟು, ವಿಡಿಯೊಗಳನ್ನು ಅದಕ್ಕೆ ಸರಿಸುವುದು ನನಗೆ ಹೆಚ್ಚು ಸರಿ ಎನಿಸುತ್ತದೆ.

ಮೂರನೆಯ ತೊಂದರೆಗೆ ಕಾರಣ ಬೇರೆ. ಮೊದಲು ದಿನಾಂಕ, ಸಮಯ ಸರಿಯಾಗಿವೆಯೇ ನೋಡಿ. ಬ್ಯಾಟರಿ ಪೂರ್ತಿ ಇಳಿದು ದಿನಾಂಕ ತಪ್ಪಿದರೂ ಇದೇ ಎಚ್ಚರಿಕೆ ಬರುತ್ತದೆ. ದಿನಾಂಕ ಸರಿಯಿದ್ದರೆ ಇದು ಪ್ರಮಾಣಪತ್ರದ, ಅಂದರೆ ತಾಣ ಅಸಲಿ ಎಂದು ಖಾತ್ರಿಪಡಿಸುವ ಡಿಜಿಟಲ್ ಪತ್ರದ ವಿಷಯ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಪ್ರಮಾಣಪತ್ರಗಳನ್ನು ಅಪಾರ ಸಂಖ್ಯೆಯ ಜಾಲತಾಣಗಳು ಬಳಸುತ್ತವೆ. ಅವುಗಳನ್ನು ನಂಬಲು ಬೇಕಾದ ಆ ಸಂಸ್ಥೆಯ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1 ಮತ್ತು ಅದಕ್ಕಿಂತ ಹೊಸದರಲ್ಲಿ ಮಾತ್ರ ಸೇರಿದೆ, ನಿಮ್ಮದು 7.0. ಹಳೆಯ ಸಾಧನಗಳಿಗಾಗಿ ಮತ್ತೊಂದು ಸಂಸ್ಥೆಯ ಸಹಿಯ ಆಧಾರದಲ್ಲಿ ಕೆಲವು ವರ್ಷ ದಾರಿ ಮಾಡಿಕೊಟ್ಟಿದ್ದರು, ಆ ಸಹಿಯ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ರೂಟ್ ಇದ್ದರೆ ಹೊಸ ಪ್ರಮಾಣಪತ್ರವನ್ನು ಸಿಸ್ಟಮ್‌ನೊಳಗೆ ಇಡಬಹುದು ಎಂಬುದು ನಿಜ. ಆದರೆ ಫೈರ್‌ಫಾಕ್ಸ್ ಬ್ರೌಸರ್ ಆಂಡ್ರಾಯ್ಡ್‌ನ ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನು ನೆಚ್ಚದೆ ತನ್ನದೇ ಪಟ್ಟಿಯನ್ನು ಹೊತ್ತು ತರುತ್ತದೆ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಸಾಧನಕ್ಕೆ ಸಿಗುವ ಆವೃತ್ತಿಯನ್ನು ಹಾಕಿ, ಅದೇ ತಾಣಗಳನ್ನು ತೆರೆದು ನೋಡಿ.

ಇನ್ನು, ಬ್ಯಾಂಕಿನ ಆ್ಯಪ್ ಇರುವ ಸಾಧನವನ್ನು ರೂಟ್ ಮಾಡುವುದನ್ನು ನಾನು ಯಾರಿಗೂ ಹೇಳಲಾರೆ. ಹಣದ ಆ್ಯಪ್‌ಗಳು ತೆರೆಯುವಾಗಲೇ ರೂಟ್ ಆಗಿದೆಯೇ ಎಂದು ಪರೀಕ್ಷಿಸಿ, ಆಗಿದ್ದರೆ ಮುಚ್ಚಿಕೊಳ್ಳುತ್ತವೆ. ರೂಟ್ ಅಡಗಿಸಿಡುವ ಉಪಾಯಗಳಿವೆ, ಇವತ್ತು ನಡೆದದ್ದು ಮುಂದಿನ ತಿಂಗಳು ನಡೆಯುವುದಿಲ್ಲ. ಆ ಓಟದಲ್ಲಿ ನೀವು ಬೀಳಬಹುದು, ಎಪ್ಪತ್ತೊಂದು ವರ್ಷದ ತಾಯಿಯವರನ್ನು ಬೀಳಿಸಬಾರದು.

ಉತ್ತರ: ಮುಲುಂಡ್, ಮುಂಬಯಿ

ಡೊಂಬಿವಲಿಯವರ ಮಾತನ್ನು ನಾನೂ ಒಪ್ಪುತ್ತೇನೆ. ಹೊಸಬರು ರೂಟ್ ಎಂಬುದನ್ನೇ ದೂರಬಾರದೆಂದು ಒಂದು ಮಾತು ಸೇರಿಸುತ್ತೇನೆ. ಆಂಡ್ರಾಯ್ಡ್‌ಗೆ ಕನ್ನಡ ಸರಿಯಾಗಿ ಬಂದದ್ದು 2012ರ 4.1 ಆವೃತ್ತಿಯಲ್ಲಿ, ತೆಲುಗು ಮತ್ತು ಮಲಯಾಳಂ ಜೊತೆಗೆ. ಅದಕ್ಕೂ ಮೊದಲು ನನ್ನ ಸಾಧನದಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಅಕ್ಷರ ಕಾಣಬೇಕೆಂದರೆ ರೂಟ್ ಮಾಡಿ, ಸಿಸ್ಟಮ್‌ನ ಫಾಂಟ್ ಕಡತವನ್ನೇ ಬದಲಿಸಬೇಕಿತ್ತು. ಹಾಗೆ ಮಾಡಿದರೂ ಒತ್ತಕ್ಷರಗಳು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತಿದ್ದವು. ಅಷ್ಟಾದರೂ ಓದಲು ಸಿಕ್ಕಿತಲ್ಲ ಎಂದು ನಮಗೆ ಸಂತೋಷವಾಗುತ್ತಿತ್ತು. ಬೇರೆ ದಾರಿ ಇಲ್ಲದಿದ್ದಾಗ ರೂಟ್ ನಮ್ಮ ಭಾಷೆಗೇ ಉಪಕಾರ ಮಾಡಿದೆ. ಪುಣೆಯವರಿಗೆ ಬೇರೆ ದಾರಿ ಇದೆ.

ಉತ್ತರ: ವಾಸ್ಕೊ, ಗೋವಾ

ಸರ್, ನಾನು ರೂಟ್ ಮಾಡಿ ತೃಪ್ತಿಯಿಂದ ಇರುವವನು, ಆದ್ದರಿಂದ ನನ್ನ ಅನುಭವ ಬರೆಯುತ್ತೇನೆ. ನಮ್ಮ ಸ್ಟೇಶನರಿ ಅಂಗಡಿಯಲ್ಲಿ ದರಪಟ್ಟಿ ತೋರಿಸಲು ಗೋಡೆಗೆ ಒಂದು ಟ್ಯಾಬ್ಲೆಟ್ ಹಾಕಿದ್ದೇವೆ. ಹಗಲಿರುಳು ಚಾರ್ಜರ್‌ನಲ್ಲೇ ಇದ್ದುದರಿಂದ ಹಿಂದಿನದರ ಬ್ಯಾಟರಿ ಉಬ್ಬಿ ಗಾಜಿನ ಪರದೆ ಮೇಲೆದ್ದಿತ್ತು. ಈಗಿರುವುದರಲ್ಲಿ ಚಾರ್ಜ್ 40ರಿಂದ 70 ಪ್ರತಿಶತದ ನಡುವೆಯೇ ಇರುವಂತೆ ಕರ್ನೆಲ್ ಮಟ್ಟದಲ್ಲಿ ನಿಯಂತ್ರಿಸಬೇಕಿತ್ತು, ಆ ಸಾಧನದಲ್ಲಿ ಅದಕ್ಕೆ ರೂಟ್ ಇಲ್ಲದೆ ಆಗುತ್ತಿರಲಿಲ್ಲ. ಅದರಲ್ಲಿ ಬ್ಯಾಂಕ್ ಇಲ್ಲ, ಮನೆಯವರ ಫೋಟೊ ಇಲ್ಲ, ಮುಖ್ಯ ಜಿಮೇಲ್ ಖಾತೆಯೂ ಇಲ್ಲ.

ಆದರೂ ಅದು ಒಂದು ಸಂಜೆಯ ಕೆಲಸವಾಗಿರಲಿಲ್ಲ. ಸಾಧನ ಚಾಲೂ ಆಗುವಾಗ ಮೊದಲು ಓಡುವ ಬೂಟ್‌ಲೋಡರ್ ಎಂಬ ತಂತ್ರಾಂಶದ ಬೀಗ ತೆರೆದ ಕ್ಷಣಕ್ಕೆ ಒಳಗಿನ ಡೇಟಾ ಪೂರ್ತಿ ಅಳಿಸಿಹೋಯಿತು. ಅದು ದೋಷವಲ್ಲ, ಕದ್ದವರ ಕೈಗೆ ಮಾಹಿತಿ ಸಿಗದಿರಲೆಂದು ಹಾಗೆ ರೂಪಿಸಿರುತ್ತಾರೆ. ಆಮೇಲೆ ರೂಟ್ ಮಾಡುವ ಮ್ಯಾಜಿಸ್ಕ್ ಎಂಬ ತಂತ್ರಾಂಶ ಬಳಸಿದೆ. ಅದು ಸಿಸ್ಟಮ್ ಪಾರ್ಟಿಷನ್ ಮುಟ್ಟದೆ ಬೂಟ್ ಇಮೇಜ್ ಎಂಬ ಕಡತವನ್ನು ಮಾತ್ರ ತಿದ್ದುತ್ತದೆ. ನಾನು ಇಳಿಸಿಕೊಂಡಿದ್ದ ಬೂಟ್ ಇಮೇಜ್ ನನ್ನ ಮಾದರಿಯದೇ ಆಗಿದ್ದರೂ ಬಿಲ್ಡ್ ನಂಬರ್ ಬೇರೆಯಾಗಿತ್ತು. ಟ್ಯಾಬ್ಲೆಟ್ ಕಂಪನಿಯ ಚಿಹ್ನೆ ತೋರಿಸುವುದು, ಆರುವುದು, ಮತ್ತೆ ತೋರಿಸುವುದು, ಹೀಗೆ ಎರಡು ದಿನ ಸುತ್ತಿತು. ಸರಿಯಾದ ಬಿಲ್ಡ್‌ನ ಮೂಲ ಇಮೇಜನ್ನು ಕಂಪ್ಯೂಟರಿನಿಂದ ಫಾಸ್ಟ್‌ಬೂಟ್ ಎಂಬ ವಿಧಾನದಲ್ಲಿ ಮತ್ತೆ ಬರೆದ ಮೇಲೆಯೇ ಎದ್ದಿತು. ಆ ಕಡತ ಎಲ್ಲೂ ಸಿಗದ ಮಾದರಿಗಳಿಗೆ ನಾನಂತೂ ಕೈ ಹಾಕುವುದಿಲ್ಲ. ಇನ್ನೊಂದು ವಿಷಯ: ಬೂಟ್‌ಲೋಡರ್ ತೆರೆದ ಅನೇಕ ಸಾಧನಗಳಲ್ಲಿ ಸಿನಿಮಾ ನಕಲಾಗದಂತೆ ಕಾಯುವ ವೈಡ್‌ವೈನ್ ರಕ್ಷಣೆ ಎಲ್1 ಮಟ್ಟದಿಂದ ಎಲ್3ಕ್ಕೆ ಇಳಿಯುತ್ತದೆ, ಹಣ ಕೊಟ್ಟು ನೋಡುವ ಸಿನಿಮಾ ಆ್ಯಪ್‌ಗಳು ಆಗ ಎಚ್‌ಡಿ ಕೊಡುವುದಿಲ್ಲ. ಸ್ಯಾಮ್‌ಸಂಗ್ ಸಾಧನಗಳಲ್ಲಿ ತಂತ್ರಾಂಶ ಬದಲಿಸಿದ್ದನ್ನು ದಾಖಲಿಸುವ ನಾಕ್ಸ್ ಎಂಬ ಗುರುತು ಒಮ್ಮೆ ಬದಲಾದರೆ ಮೂಲ ತಂತ್ರಾಂಶ ಹಾಕಿದರೂ ಹಿಂದಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಕೋಥ್ರೂಡ್, ಪುಣೆ

ಮೂವರಿಗೂ ಕೃತಜ್ಞತೆಗಳು. ಅಂಗಡಿಯವರು ಕಂಪ್ಯೂಟರ್ ಕೂಡ ಬೇಡ, ಒಂದು ಆ್ಯಪ್ ಹಾಕಿ ಒಂದೇ ಗುಂಡಿ ಒತ್ತಿದರೆ ಆಗುತ್ತದೆ, ಡೇಟಾ ಅಳಿಯುವುದಿಲ್ಲ ಎಂದಿದ್ದರು. ಅದು ಹೇಗೆ ಸಾಧ್ಯ?

ಉತ್ತರ: ಡೊಂಬಿವಲಿ

ಅಂತಹ ಆ್ಯಪ್‌ಗಳು ಬೂಟ್‌ಲೋಡರ್ ತೆರೆಯುವುದಿಲ್ಲ, ಹಳೆಯ ಆಂಡ್ರಾಯ್ಡ್‌ನಲ್ಲಿ ಮುಚ್ಚದೆ ಉಳಿದ ಸುರಕ್ಷತಾ ಬಿರುಕೊಂದರ ಮೂಲಕ ಒಳನುಗ್ಗುತ್ತವೆ. ಆದ್ದರಿಂದಲೇ ಡೇಟಾ ಅಳಿಯುವುದಿಲ್ಲ. ಆದರೆ ಮೂಲ ಸಂಕೇತ ತೋರಿಸದ, ಯಾರು ಬರೆದರೆಂದು ತಿಳಿಯದ ಆ್ಯಪ್‌ಗೆ ಅಮ್ಮನ ಬ್ಯಾಂಕಿನ ವಿವರಗಳಿರುವ ಸಾಧನದ ಪೂರ್ತಿ ಅಧಿಕಾರ ಕೊಟ್ಟಂತಾಗುತ್ತದೆ. ದಯವಿಟ್ಟು ಬೇಡ.

ಪ್ರಶ್ನೆ ಕೇಳಿದವರಿಂದ: ಹತ್ತು ದಿನಗಳ ನಂತರ

ರೂಟ್ ಮಾಡಿಸಲಿಲ್ಲ. ಶನಿವಾರ ಕುಳಿತು ಮೊದಲು ಫೋಟೊಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಬ್ಯಾಕಪ್ ಮಾಡಿದೆ. ಹದಿನಾಲ್ಕು ಆ್ಯಪ್‌ಗಳ ಅಪ್‌ಡೇಟ್‌ಗಳನ್ನು ಅಳಿಸಿ ನಿಷ್ಕ್ರಿಯಗೊಳಿಸಿದೆ, ಇನ್ನೂ ಏಳನ್ನು ಎಡಿಬಿ ಮೂಲಕ ನಿಲ್ಲಿಸಿದೆ. ಯಕ್ಷಗಾನದ ವಿಡಿಯೊಗಳು 64 ಜಿಬಿ ಕಾರ್ಡಿಗೆ ಹೋದವು. 300 ಎಂಬಿ ಇದ್ದ ಖಾಲಿ ಜಾಗ ಈಗ 4 ಜಿಬಿಗೆ ಹತ್ತಿರವಾಗಿದೆ.

ಒಂದು ತಪ್ಪು ಮಾಡಿದೆ. ಕಂಪನಿಯ ಗ್ಯಾಲರಿ ಆ್ಯಪ್ ಬೇಡವೆಂದು ನಿಲ್ಲಿಸಿದ್ದೆ. ಮರುದಿನ ಅಮ್ಮ ಚಿಕ್ಕಮ್ಮನಿಗೆ ಫೋಟೊ ಕಳಿಸಲು ಹೋದರೆ ಆರಿಸುವ ಪುಟವೇ ತೆರೆಯಲಿಲ್ಲ. ಕಾಗದದಲ್ಲಿ ಬರೆದಿಟ್ಟಿದ್ದರಿಂದ ಯಾವುದೆಂದು ಕೂಡಲೇ ತಿಳಿಯಿತು, ಎನೇಬಲ್ ಆದೇಶ ಕೊಟ್ಟೊಡನೆ ಸರಿಯಾಯಿತು. ಫೈರ್‌ಫಾಕ್ಸ್‌ನಲ್ಲಿ ಹಿಂದೆ ತೆರೆಯದಿದ್ದ ತಾಣಗಳೆಲ್ಲ ತೆರೆಯುತ್ತಿವೆ, ಅದರ ಚಿಹ್ನೆಯನ್ನು ಹಳೆಯ ಬ್ರೌಸರ್ ಇದ್ದ ಜಾಗದಲ್ಲೇ ಇಟ್ಟಿದ್ದೇನೆ. ಪಿಂಚಣಿಯ ಆ್ಯಪ್ ಸದ್ಯಕ್ಕೆ ಕೆಲಸ ಮಾಡುತ್ತಿದೆ. ಅಪ್‌ಡೇಟ್ ನಿಂತ ಸಾಧನದಲ್ಲಿ ಅದನ್ನು ಬಹಳ ದಿನ ಇಡುವುದು ಸರಿಯಲ್ಲವೆಂದು ನನಗೂ ಅನಿಸಿದೆ. ಮುಂದಿನ ತಿಂಗಳಿನಿಂದ ಅದನ್ನು ಅಮ್ಮನ ಫೋನಿಗೆ ಬದಲಿಸುತ್ತೇನೆ.

ಉತ್ತರ: ಡೊಂಬಿವಲಿ

ಬಹಳ ಸಂತೋಷ ಸರ್. ಯುಎಸ್‌ಬಿ ಡಿಬಗ್ಗಿಂಗ್ ಆಫ್ ಮಾಡಿದಿರಾ? ಅದು ಚಾಲೂ ಇರುವಾಗ ಬೇರೆಯವರ ಕಂಪ್ಯೂಟರಿಗೆ ಜೋಡಿಸಿ, ಪರದೆಯಲ್ಲಿ ಕೇಳಿದ ಅನುಮತಿಗೆ ತಿಳಿಯದೆ ಒಪ್ಪಿಗೆ ಕೊಟ್ಟರೆ ಅಪಾಯ. ಹಳೆಯ ಅನುಮತಿಗಳನ್ನು ರದ್ದು ಮಾಡುವ ಆಯ್ಕೆ ಅದೇ ಪುಟದಲ್ಲಿದೆ, ಅದನ್ನೂ ಒತ್ತಿಬಿಡಿ.

ಪ್ರಶ್ನೆ ಕೇಳಿದವರಿಂದ: ಕೋಥ್ರೂಡ್, ಪುಣೆ

ಮರೆತಿದ್ದೆ. ಈಗ ಎರಡನ್ನೂ ಮಾಡಿದೆ. ನಿಲ್ಲಿಸಿದ ಆ್ಯಪ್‌ಗಳ ಪಟ್ಟಿಯನ್ನು ಮಡಚಿ ಟ್ಯಾಬ್ಲೆಟ್‌ನ ಕವರ್ ಒಳಗೇ ಇಟ್ಟಿದ್ದೇನೆ.