ನಕ್ಷೆಯ ಲೆಕ್ಕದಲ್ಲಿ ಮಗಳು ಎಡವುತ್ತಿದ್ದಾಳೆ, ನಿಮ್ಮ ಅನುಭವ ಹೇಳಿ

ಹಾಸನದ ಒಬ್ಬ ತಾಯಿ ಕೇಳಿದ್ದು:

ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ಆದೇಶ ವಿಧಾನದಲ್ಲಿ (ಒಂದರ ಬೆಲೆಯನ್ನು ಇನ್ನೊಂದರಲ್ಲಿ ಹಾಕಿ ಬಿಡಿಸುವುದು) ಕೊಟ್ಟರೆ ಸಲೀಸಾಗಿ ಬಿಡಿಸುತ್ತಾಳೆ. ನಕ್ಷೆ ಎಂದೊಡನೆ ಮುಖ ಬಾಡುತ್ತದೆ. ಸಮೀಕರಣವನ್ನು ಆದರ್ಶ ರೂಪಕ್ಕೆ (ಎಲ್ಲ ಪದಗಳೂ ಒಂದು ಕಡೆ, ಇನ್ನೊಂದು ಕಡೆ ಸೊನ್ನೆ) ತರುವುದರಲ್ಲಿಯೂ, ರೇಖೆ ಅಕ್ಷಗಳನ್ನು ಎಲ್ಲಿ ಕತ್ತರಿಸುತ್ತದೆ ಎಂದು ಕಂಡುಹಿಡಿಯುವುದರಲ್ಲಿಯೂ ತಪ್ಪುತ್ತಾಳೆ. ನಿನ್ನೆ 3ಎಕ್ಸ್ − 4ವೈ = 24 ಎಂಬುದಕ್ಕೆ (8, 0) ಸರಿಯಾಗಿ ಬಂತು. ಇನ್ನೊಂದನ್ನು (0, 6) ಎಂದು ಬರೆದು, ಅದನ್ನೂ ಎಕ್ಸ್-ಅಕ್ಷದ ಮೇಲೆಯೇ ಗುರುತಿಸಿದಳು. ನಾನು ಕಲಾ ವಿಭಾಗದಲ್ಲಿ ಓದಿದವಳು. ಮನೆಯಲ್ಲಿ ಹೇಗೆ ಹೇಳಿಕೊಡಲಿ?

ಚಿಕ್ಕಮಗಳೂರಿನ ನಿವೃತ್ತ ಗಣಿತ ಶಿಕ್ಷಕರು:

ತಾಯಿ, ಆ ಒಂದು ಲೆಕ್ಕದಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ: ಕಳೆಯುವ ಚಿಹ್ನೆ ಬಿಟ್ಟದ್ದು ಒಂದು, ಬಿಂದುವನ್ನು ತಪ್ಪು ಅಕ್ಷದ ಮೇಲೆ ಇಟ್ಟದ್ದು ಇನ್ನೊಂದು. ಒಟ್ಟಿಗೆ ತಿದ್ದಲು ಹೋದರೆ ಮಗು ಗಾಬರಿಯಾಗುತ್ತದೆ. ಒಂದೊಂದಾಗಿ ಹಿಡಿಯಿರಿ.

ಮೊದಲು ಪುಸ್ತಕ ಮುಚ್ಚಿಸಿ, ಕೈಯಲ್ಲಿ ಸಂತೆಯ ಚೀಲ ಕೊಡಿ. ಹಾಸನದವರಿಗೆ ಆಲೂಗಡ್ಡೆಗಿಂತ ಹತ್ತಿರದ ಉದಾಹರಣೆ ಬೇಕೇ? ಆಲೂಗಡ್ಡೆ ಕಿಲೋಗೆ 30 ರೂಪಾಯಿ, ಈರುಳ್ಳಿ 40, ಕೈಯಲ್ಲಿರುವುದು 240 ಎಂದಿಟ್ಟುಕೊಳ್ಳಿ. ಆಲೂಗಡ್ಡೆ ಎಕ್ಸ್ ಕಿಲೋ, ಈರುಳ್ಳಿ ವೈ ಕಿಲೋ ಆದರೆ 30ಎಕ್ಸ್ + 40ವೈ = 240. ಉದ್ದಕ್ಕೂ ಹತ್ತರಿಂದ ಭಾಗಿಸಿದರೆ 3ಎಕ್ಸ್ + 4ವೈ = 24. ಈಗ ಕೇಳಿ: ಈರುಳ್ಳಿಯನ್ನು ಮುಟ್ಟದೆ ಎಲ್ಲ ದುಡ್ಡಿಗೂ ಆಲೂಗಡ್ಡೆಯನ್ನೇ ತಂದರೆ ಎಷ್ಟು ಬರುತ್ತದೆ? 8 ಕಿಲೋ. ಬರೀ ಈರುಳ್ಳಿಯಾದರೆ? 6 ಕಿಲೋ. ಅಷ್ಟೇ, (8, 0) ಮತ್ತು (0, 6) ಸಿಕ್ಕಿತು. ರೇಖೆ ಅಕ್ಷವನ್ನು ಕತ್ತರಿಸುವುದು ಎಂದರೆ ಎರಡರಲ್ಲಿ ಒಂದು ಸೊನ್ನೆಯಾದಾಗ ಇನ್ನೊಂದು ಎಷ್ಟು ಎಂಬ ಪ್ರಶ್ನೆ. ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಈ ಪ್ರಶ್ನೆ ಬಾಯಿಗೆ ಬರಬೇಕು. ಎರಡನ್ನೂ ಕೊಂಡರೆ? ಉದಾಹರಣೆಗೆ ಆಲೂಗಡ್ಡೆ 4 ಕಿಲೋ, ಈರುಳ್ಳಿ 3 ಕಿಲೋ. ಆ (4, 3) ಕೂಡ ಅದೇ ರೇಖೆಯ ಮೇಲೆ ಬೀಳಬೇಕು. ಯಾವ ಎರಡು ಬಿಂದುಗಳ ಮೂಲಕವಾದರೂ ಒಂದು ರೇಖೆ ಎಳೆಯಬಹುದು, ತಪ್ಪಾಗಿದ್ದರೆ ಹೇಳಿಕೊಡುವುದು ಮೂರನೆಯದೇ. ಅದನ್ನು ಗುರುತಿಸುವುದನ್ನು ಎಂದೂ ತಪ್ಪಿಸಬೇಡಿ.

ಇನ್ನು ಕಳೆಯುವ ಚಿಹ್ನೆ. ಬಹಳ ಮಕ್ಕಳಿಗೆ ಒಂದು ಪದವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದುವುದನ್ನು ಕಲಿಸಿರುತ್ತಾರೆ. ಒಳ್ಳೆಯ ಉಪಾಯ, ನಾನೂ ಕಲಿಸಿದ್ದೇನೆ. ಆದರೆ ಒಂದು ದಿನ ಒಬ್ಬ ಹುಡುಗಿಯ ಪಕ್ಕದಲ್ಲಿ ಕುಳಿತು ನೋಡಿದೆ: ಹೆಬ್ಬೆರಳಿನಿಂದ 3ಎಕ್ಸ್ ಮುಚ್ಚಿದಾಗ ಅದರ ಬಲಕ್ಕಿದ್ದ ಕಳೆಯುವ ಚಿಹ್ನೆಯೂ ಬೆರಳಿನ ಅಡಿಗೆ ಹೋಯಿತು. ಅವಳಿಗೆ ಕಂಡದ್ದು 4ವೈ = 24. ಬರೆದದ್ದು 6. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ, ಬೆರಳು ದಪ್ಪವಾಗಿತ್ತು. ಅಂದಿನಿಂದ ನಾನು ಬೆರಳನ್ನು ಬಿಡಿಸಿ, ಪ್ರತಿ ಪದಕ್ಕೂ ಅದರ ಎಡಗಡೆಯ ಚಿಹ್ನೆಯನ್ನು ಸೇರಿಸಿ ಪೆನ್ಸಿಲಿನಿಂದ ಸುತ್ತು ಹಾಕಿಸುತ್ತಿದ್ದೆ. 3ಎಕ್ಸ್ ಒಂದು ಸುತ್ತು, −4ವೈ ಒಂದು ಸುತ್ತು. ಮೊದಲನೆಯದು ಸೊನ್ನೆಯಾದರೆ ಉಳಿಯುವುದು −4ವೈ = 24, ವೈ ಬೆಲೆ −6. ನಿಮ್ಮ ಮಗಳೂ ಹೀಗೆಯೇ ತಪ್ಪಿರಬಹುದು, ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ.

ಆದರ್ಶ ರೂಪದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಪಠ್ಯಪುಸ್ತಕದ ರೂಪ ಎಎಕ್ಸ್ + ಬಿವೈ + ಸಿ = 0. ಮೊಬೈಲಿನಲ್ಲಿ ಮಕ್ಕಳು ನೋಡುವ ಎಷ್ಟೋ ಪಾಠಗಳಲ್ಲಿ ಸ್ಥಿರಾಂಕವನ್ನು ಬಲಕ್ಕೆ ದಾಟಿಸಿ ಎಎಕ್ಸ್ + ಬಿವೈ = ಸಿ ಎಂದಿರುತ್ತದೆ. ಅಲ್ಲಿ ಎಕ್ಸ್-ಅಕ್ಷದ ಬಿಂದುವಿಗೆ ಸಿಯನ್ನು ಎಯಿಂದ ಭಾಗಿಸಿದರೆ ಸಾಕು. ನಮ್ಮ ರೂಪದಲ್ಲಿ −ಸಿಯನ್ನು ಭಾಗಿಸಬೇಕು. ಅಲ್ಲಿನ ಸೂತ್ರವನ್ನು ಇಲ್ಲಿಗೆ ತಂದರೆ ಉತ್ತರದ ಚಿಹ್ನೆ ಪ್ರತಿ ಸಲವೂ ತಿರುಗಿಬಿಡುತ್ತದೆ. ಅದಕ್ಕೇ ಸೂತ್ರ ಬೇಡ, ಸೊನ್ನೆ ಹಾಕಿ ಬಿಡಿಸಲಿ ಎನ್ನುವುದು. ಭಿನ್ನರಾಶಿ ಇದ್ದರೆ ಇನ್ನೊಂದು ಕಡೆ ನೋಡಿ: ವೈ = ¾ಎಕ್ಸ್ − 6 ಎಂಬುದನ್ನು ನಾಲ್ಕರಿಂದ ಗುಣಿಸುವಾಗ 4ವೈ = 3ಎಕ್ಸ್ − 6 ಎಂದು ಬರೆದು, ಕೊನೆಯ 6 ಅನ್ನು ಗುಣಿಸುವುದನ್ನೇ ಮರೆಯುತ್ತಾರೆ. ಸರಿಯಾದದ್ದು 4ವೈ = 3ಎಕ್ಸ್ − 24. ಒಂದು ಕಡೆಗೆ ತಂದರೆ 3ಎಕ್ಸ್ − 4ವೈ − 24 = 0, ನಿಮ್ಮ ಮಗಳ ಲೆಕ್ಕವೇ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು:

ಮೇಷ್ಟ್ರು ಹೇಳಿದ ಮೇಲೆ ಲೆಕ್ಕದಲ್ಲಿ ನಾನು ಸೇರಿಸುವುದು ಏನೂ ಇಲ್ಲ. ಬಿಂದುವನ್ನು ತಪ್ಪು ಅಕ್ಷದ ಮೇಲೆ ಇಡುವುದು ನನ್ನ ಮಗನಿಗೂ ಇತ್ತು. 'ಎಕ್ಸ್ ಸೊನ್ನೆ' ಎಂದು ಓದಿದ ಕೂಡಲೇ ಕೈ ಎಕ್ಸ್-ಅಕ್ಷಕ್ಕೆ ಹೋಗುತ್ತಿತ್ತು. ನಮ್ಮ ಕಾಫಿ ಕಣದ ಸಿಮೆಂಟಿನಲ್ಲಿ ಚೌಕಗಳ ಗೆರೆ ಇದೆ. ಕೊಯ್ಲು ಶುರುವಾಗುವ ಮೊದಲು ಕಣ ಖಾಲಿ ಇದ್ದಾಗ ಅವನನ್ನು ನಡುವೆ ನಿಲ್ಲಿಸಿ, ಪೂರ್ವಕ್ಕೆ ಎಕ್ಸ್, ಉತ್ತರಕ್ಕೆ ವೈ ಎಂದೆ. (0, 5) ಎಂದು ಕೂಗಿದರೆ ಪೂರ್ವಕ್ಕೆ ಒಂದು ಹೆಜ್ಜೆಯೂ ಇಡಬಾರದು, ಉತ್ತರಕ್ಕೆ ಐದು. ಪೂರ್ವಕ್ಕೆ ಹೋಗದವನು ಪೂರ್ವದ ಗೆರೆಯ ಮೇಲೆ ಎಲ್ಲಿರುತ್ತಾನೆ? ನಾಲ್ಕೈದು ಸಲ ಓಡಾಡಿದ ಮೇಲೆ ಮತ್ತೆ ಆ ತಪ್ಪು ಬರಲಿಲ್ಲ.

ಹಾಸನದ ಪಿಯುಸಿ ವಿದ್ಯಾರ್ಥಿನಿ:

ಅಕ್ಕಾ, ಬಸ್ಸಿನ ಲೆಕ್ಕ ನನಗೆ ಸಹಾಯ ಮಾಡಿತ್ತು. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ 60 ಕಿಲೋಮೀಟರ್ ಎಂದಿಟ್ಟುಕೊಳ್ಳಿ, ಬಸ್ಸು ಗಂಟೆಗೆ 40 ಹೋಗುತ್ತದೆ. ಎಕ್ಸ್ ಗಂಟೆಯ ನಂತರ ಉಳಿದ ದೂರ ವೈ ಆದರೆ 40ಎಕ್ಸ್ + ವೈ = 60. ಎಕ್ಸ್ ಸೊನ್ನೆಯಾದಾಗ ವೈ 60, ಅದು ಹಾಸನದ ನಿಲ್ದಾಣ. ವೈ ಸೊನ್ನೆಯಾದಾಗ ಎಕ್ಸ್ ಒಂದೂವರೆ, ಅದು ಚಿಕ್ಕಮಗಳೂರು ತಲುಪಿದ ಹೊತ್ತು.

ಸೊನ್ನೆ ಹಾಕುವ ಉಪಾಯ ಎಲ್ಲ ಕಡೆಯೂ ನಡೆಯುವುದಿಲ್ಲ ಎಂದು ಮೊದಲೇ ಹೇಳಿಬಿಡಿ. 5ಎಕ್ಸ್ − 2ವೈ = 0 ಕೊಟ್ಟಾಗ ನನಗೆ ಎರಡು ಸಲವೂ (0, 0) ಬಂದು, ಲೆಕ್ಕವೇ ತಪ್ಪು ಎಂದು ಅಳಿಸಿಹಾಕಿದ್ದೆ. ಆ ರೇಖೆ ಮೂಲಬಿಂದುವಿನ ಮೂಲಕವೇ ಹೋಗುತ್ತದೆ, ಆದ್ದರಿಂದ (2, 5) ಎಂಬಂಥ ಇನ್ನೊಂದು ಬಿಂದು ಹುಡುಕಬೇಕು. ವೈ = 3 ಎಂದಿದ್ದರೆ ಅದು ಎಕ್ಸ್-ಅಕ್ಷವನ್ನು ಮುಟ್ಟುವುದೇ ಇಲ್ಲ. ಆದರೆ ಅಕ್ಷಗಳನ್ನು ಕತ್ತರಿಸುವ ಈ ಬಿಂದುಗಳಿಂದ ಒಂದು ಲಾಭವೂ ಇದೆ. 3ಎಕ್ಸ್ + 4ವೈ = 24ಕ್ಕೆ 8 ಮತ್ತು 6, 6ಎಕ್ಸ್ + 8ವೈ = 24ಕ್ಕೆ 4 ಮತ್ತು 3. ಎರಡೂ ಕಡೆ ಸರಿಯಾಗಿ ಅರ್ಧ, ಅಂದರೆ ರೇಖೆಗಳು ಸಮಾಂತರ, ಪರಿಹಾರ ಇಲ್ಲ. ನಕ್ಷೆ ಬರೆಯುವ ಮೊದಲೇ ಅದು ತಿಳಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಹಾಸನದ ತಾಯಿ ಮತ್ತೆ ಬರೆದದ್ದು:

ಎಲ್ಲರಿಗೂ ಮನಸಾರೆ ವಂದನೆಗಳು. ನಮ್ಮಲ್ಲಿ ಕಣ ಇಲ್ಲ, ಹಜಾರದ ನೆಲಹಾಸಿನ ಚೌಕಗಳೇ ಸಾಕಾದವು. ಬಿಂದುವಿಗೆ ಹುಣಸೆ ಬೀಜ ಇಟ್ಟೆವು. (0, −6)ಕ್ಕೆ ಅವಳು ಆರು ಚೌಕ ಹಿಂದಕ್ಕೆ ನಡೆದಾಗ ಅಡುಗೆಮನೆಯ ಹೊಸ್ತಿಲು ಸಿಕ್ಕಿತು. ಬೀಜವನ್ನು ಅಲ್ಲಿಟ್ಟು, "ಅಮ್ಮಾ, ನಿನ್ನೆ ನಾನು ಇದನ್ನು ಎಲ್ಲಿ ಇಟ್ಟಿದ್ದೆ ನೋಡು" ಎಂದು ತಾನೇ ಪುಸ್ತಕ ತಂದು ತೋರಿಸಿದಳು. ಪೆನ್ಸಿಲಿನ ಸುತ್ತನ್ನೂ ಹಾಕಿಸಿದೆ. ಈಗ 2ಎಕ್ಸ್ + 5ವೈ + 20 = 0 ಎಂಬುದಕ್ಕೆ (−10, 0) ಮತ್ತು (0, −4) ಬರೆದಿದ್ದಾಳೆ. ಸರಿಯಿದೆಯೇ ಮೇಷ್ಟ್ರೇ?

ನಿವೃತ್ತ ಶಿಕ್ಷಕರು:

ಸರಿಯಿದೆ ತಾಯಿ. (−5, −2) ಎಂಬ ಬೀಜವನ್ನೂ ಇಟ್ಟು, ಮೂರರ ಮೇಲೂ ದಾರ ಎಳೆದು ನೋಡಲಿ.