ಮಾತ್ರೆ ಶುರು ಮಾಡಿದ ಮೇಲೆ ಸುಮ್ಸುಮ್ನೆ ಅಳು ಬರುತ್ತದೆ, ಇದು ಮಾತ್ರೆಯದ್ದೇನಾ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಇನ್ನೊಂದು ಮಗು ಸದ್ಯಕ್ಕೆ ಬೇಡ ಅಂತ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದೇನೆ. ಡಾಕ್ಟರೇ ಬರೆದುಕೊಟ್ಟಿದ್ದು. 21 ಮಾತ್ರೆಯ ಸ್ಟ್ರಿಪ್, ಆಮೇಲೆ 7 ದಿನ ಬಿಡುವು. ಮೊದಲ ತಿಂಗಳು ಹೊಟ್ಟೆ ತೊಳಸುತ್ತಿತ್ತು, ಎದೆ ಮುಟ್ಟಿದರೆ ನೋವು, ನಡುನಡುವೆ ಸ್ಪಾಟಿಂಗ್. ಅದೆಲ್ಲ ತಾನಾಗಿಯೇ ಕಡಿಮೆ ಆಯಿತು, ಅದರ ಬಗ್ಗೆ ತಕರಾರಿಲ್ಲ.

ಆದರೆ ಮನಸ್ಸು ಸರಿ ಇಲ್ಲ. ಸುಮ್ಸುಮ್ನೆ ಅಳು ಬರುತ್ತದೆ. ಒಣಗಿದ ಬಟ್ಟೆ ಮಡಚುತ್ತಾ ಕೂತಿರುತ್ತೇನೆ, ಯಾರೂ ಏನೂ ಅಂದಿರುವುದಿಲ್ಲ, ಕೈಯಲ್ಲಿರೋ ಬಟ್ಟೆ ಹಾಗೇ ಹಿಡಿದುಕೊಂಡು ಅಳುತ್ತಿರುತ್ತೇನೆ. ಮಗ ಎರಡು ಸಲ ಅಮ್ಮಾ ಅಂದರೆ ಸಾಕು, ರೇಗಿಬಿಡುತ್ತೇನೆ, ಆಮೇಲೆ ಅದಕ್ಕೂ ಅಳು. ಗಂಡ ಪಕ್ಕಕ್ಕೆ ಬಂದರೂ ಬೇಡ ಅನ್ನಿಸುತ್ತದೆ. ಮಾತ್ರೆಗೆ ಮುಂಚೆ ನಾನು ಹೀಗಿರಲಿಲ್ಲ, ಇಷ್ಟನ್ನು ಖಂಡಿತ ಹೇಳಬಲ್ಲೆ.

ಡಾಕ್ಟರ್ ಹತ್ತಿರ ಹೇಳಿದೆ. ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ "ಅದೆಲ್ಲ ಮಾತ್ರೆಯಿಂದ ಆಗಲ್ಲಮ್ಮ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಅಂದರು. ಮನೆಯಲ್ಲಿ ಅತ್ತೆಯದ್ದು ಬೇರೆಯೇ ಮಾತು, ಈ ಮಾತ್ರೆ ತಗೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲ ಅಂತ. ಯಾರ ಮಾತು ಕೇಳಲಿ?

ಹಾಂ, ತಲೆನೋವೂ ಜಾಸ್ತಿ ಆಗಿದೆ. ಬರುವ ಮೊದಲು ಕಣ್ಣ ಮುಂದೆ ಒಂಥರಾ ಮಿಣಮಿಣ ಅನ್ನುತ್ತದೆ. ಮೊಬೈಲ್ ಜಾಸ್ತಿ ನೋಡುವುದಕ್ಕಿರಬೇಕು.

ಯಾರಿಗಾದರೂ ಹೀಗೆ ಮನಸ್ಸು ಕೆಟ್ಟಿತ್ತಾ? ಬಿಟ್ಟ ಮೇಲೆ ಸರಿ ಹೋಯಿತಾ?


ಹೊಂಗೆನೆರಳು:

ನನಗೆ ಆಗಿತ್ತು. ನೀವು ಬರೆದ ಬಟ್ಟೆ ಮಡಚೋ ಮಾತು ಓದಿ ಎದೆ ಹಿಂಡಿದ ಹಾಗಾಯಿತು. ನನಗೂ ಇದೇ ಉತ್ತರ ಸಿಕ್ಕಿತ್ತು, ಟೆನ್ಷನ್ ಮಾಡ್ಕೋಬೇಡಿ ಅಂತ. ನನ್ನ ಟೆನ್ಷನ್ನೇ ಆ ಅಳು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಇದ್ದದ್ದು.

"ಮಾತ್ರೆಯಿಂದ ಆಗಲ್ಲ" ಅಂತ ಅಷ್ಟು ಸುಲಭವಾಗಿ ಹೇಳಿಬಿಡೋದು ತಪ್ಪು. 2016ರಲ್ಲಿ ಡೆನ್ಮಾರ್ಕ್‌ನಲ್ಲಿ 15ರಿಂದ 34 ವಯಸ್ಸಿನ 10 ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿ ಮಾಡಿದ ದೊಡ್ಡ ಅಧ್ಯಯನ ಬಂತು. ಹಾರ್ಮೋನ್ ಬಳಸದವರಿಗೆ ಹೋಲಿಸಿದರೆ, ನೀವು ತಗೊಳ್ಳೋ ಥರದ ಎರಡು ಹಾರ್ಮೋನಿನ (ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್) ಮಾತ್ರೆಯವರು ಮೊದಲ ಬಾರಿಗೆ ಖಿನ್ನತೆಯ ಔಷಧಿ ಶುರು ಮಾಡಿದ್ದು ಸುಮಾರು 23% ಜಾಸ್ತಿ. ಬರೀ ಪ್ರೊಜೆಸ್ಟಿನ್ ಮಾತ್ರೆಯವರಲ್ಲಿ 34% ಜಾಸ್ತಿ. 20 ದಾಟದ ಹುಡುಗಿಯರಲ್ಲಿ ಇನ್ನೂ ಹೆಚ್ಚು. ಇದರಿಂದ ಮಾತ್ರೆಯೇ ಕಾರಣ ಅಂತ ಸಾಬೀತಾಗಿಬಿಡಲಿಲ್ಲ, ತುಂಬಾ ಜನಕ್ಕೆ ಏನೂ ಆಗುವುದೂ ಇಲ್ಲ. ಆದರೆ ಆಗುವವರು ಇದ್ದಾರೆ, ಅವರ ಮಾತನ್ನು ಕೇಳಿಸಿಕೊಳ್ಳಬೇಕು, ಅಷ್ಟೇ ನಾನು ಹೇಳೋದು.

ಗಂಡನ ವಿಷಯಕ್ಕೂ ಒಂದು ಮಾತು, ಅದಕ್ಕೆ ನಾಚಿಕೆ ಬೇಡ. ಈ ಮಾತ್ರೆಗಳು ರಕ್ತದಲ್ಲಿ ಆಸೆಗೆ ಸಂಬಂಧಿಸಿದ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಜಾಸ್ತಿ ಮಾಡುತ್ತವೆ. ಕೆಲವರಿಗೆ ಆಸೆ ಕಡಿಮೆ ಆಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅದು ಪ್ರೀತಿ ಕಡಿಮೆ ಆಗಿರುವುದಲ್ಲ.

ನಾನು ಮಾಡಿದ್ದು ಇಷ್ಟು. ಕ್ಯಾಲೆಂಡರಿನಲ್ಲಿ ದಿನಾ ಒಂದೇ ಪದ ಬರೆಯುತ್ತಾ ಬಂದೆ. ಅಳು, ಸಿಟ್ಟು, ಚೆನ್ನಾಗಿದೆ, ನಿದ್ದೆ ಇಲ್ಲ, ಹೀಗೆ. ಪಕ್ಕದಲ್ಲಿ ಮಾತ್ರೆ ನುಂಗಿದ ದಿನ, ಬಿಡುವಿನ ದಿನ ಗುರುತು. ಆ ಹಾಳೆಯನ್ನೇ ಇನ್ನೊಬ್ಬ ಡಾಕ್ಟರ್ ಮುಂದೆ ಇಟ್ಟೆ. ಬಿಡುವಿನ ವಾರದಲ್ಲಿ ಮಾತ್ರ "ಚೆನ್ನಾಗಿದೆ" ಇತ್ತು. ಅವರು ಬೇರೆ ಪ್ರೊಜೆಸ್ಟಿನ್ ಇರುವ ಮಾತ್ರೆಗೆ ಬದಲಾಯಿಸಿದರು, ಅದೂ ಒಗ್ಗಲಿಲ್ಲ, ಕೊನೆಗೆ ಹಾರ್ಮೋನೇ ಬೇಡ ಅಂತ ಬಿಟ್ಟೆ. ಅಳು ನಿಧಾನವಾಗಿ ಹೋಯಿತು.

ಅತ್ತೆಯವರ ಮಾತಿಗೆ ಹೆದರಬೇಡಿ. ಮಾತ್ರೆ ಬಿಟ್ಟ ಕೂಡಲೇ ಗರ್ಭ ನಿಲ್ಲಬಹುದು. ಅದಕ್ಕೇ ಬೇರೆ ವ್ಯವಸ್ಥೆ ಮಾಡಿಕೊಳ್ಳದೆ ಬಿಡಬೇಡಿ.


ನಿತ್ಯಪುಷ್ಪ:

ಸ್ವಲ್ಪ ಬೇರೆ ದನಿ ಇರಲಿ ಅಂತ ಬರೆಯುತ್ತಿದ್ದೇನೆ. ನಿಮ್ಮ ಅಳು ಸುಳ್ಳು ಅಂತ ಅಲ್ಲ ಅಕ್ಕಾ.

ನನಗೆ ಮಾತ್ರೆ ಜೀವ ಉಳಿಸಿತು ಅಂದರೂ ತಪ್ಪಿಲ್ಲ. ಮುಟ್ಟಾದರೆ ಪ್ಯಾಡ್ ಗಂಟೆಗೊಂದು ಬದಲಾಯಿಸಬೇಕಿತ್ತು, ನೋವಿಗೆ ನೆಲದ ಮೇಲೆ ಮುದುಡಿಕೊಂಡು ಮಲಗುತ್ತಿದ್ದೆ, ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಿದರೆ ಏದುಸಿರು. ಮಾತ್ರೆ ಶುರುವಾದ ಮೇಲೆ ಮನುಷ್ಯಳ ಹಾಗೆ ಓಡಾಡಿಕೊಂಡಿದ್ದೇನೆ. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆಯನ್ನೂ ಇದು ಕಡಿಮೆ ಮಾಡುತ್ತದೆ. ಸ್ತನ ಕ್ಯಾನ್ಸರ್ ಸಾಧ್ಯತೆ ತಗೊಳ್ಳುವಾಗ ಸ್ವಲ್ಪ ಏರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ನನಗೆ ಬೇಜಾರು ಯಾಕೆ ಅಂದರೆ, ಇಂಥ ಮಾತು ಓದಿ ನನ್ನ ಗೆಳತಿ ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟಳು, ಮತ್ತೆ ಅದೇ ರಕ್ತಸ್ರಾವ, ಅದೇ ಸುಸ್ತು. ದಪ್ಪ ಆಗುವುದಕ್ಕೂ ಎಲ್ಲರೂ ಮಾತ್ರೆಯನ್ನೇ ಬೈಯುತ್ತಾರೆ. ಎರಡು ಹಾರ್ಮೋನಿನ ಮಾತ್ರೆಯಿಂದ ತೂಕ ತುಂಬಾ ಏರುತ್ತದೆ ಅನ್ನುವುದಕ್ಕೆ ಇಲ್ಲಿವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಒಗ್ಗದವರು ಬದಲಾಯಿಸಲಿ. ಒಗ್ಗಿದವರನ್ನು ಹೆದರಿಸಬೇಡಿ.


ಔಷಧಿಚೀಟಿ:

ನಾನು ಫಾರ್ಮಸಿಸ್ಟ್. ದಿನವಿಡೀ ಈ ಮಾತ್ರೆಗಳನ್ನು ಕೊಡುವ ಕೆಲಸ. ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಸಂಜೆಮಲ್ಲಿಗೆಯವರೇ, ನೀವು ಕೊನೆಯಲ್ಲಿ ಹಗುರವಾಗಿ ಹೇಳಿದ ಒಂದು ಸಾಲಿನಲ್ಲೇ ನನ್ನ ಕಣ್ಣು ನಿಂತಿತು. ತಲೆನೋವಿಗೆ ಮೊದಲು ಮಿಣಮಿಣ ಅಂದಿರಲ್ಲ, ಅದು ಹೇಗಿರುತ್ತದೆ ಬಿಡಿಸಿ ಹೇಳಿ. ಎಷ್ಟು ಹೊತ್ತು? ಒಂದೇ ಕಡೆಗಾ? ಕೈ ಅಥವಾ ಮುಖ ಜೋಮು ಹಿಡಿಯುತ್ತದಾ? ಮಾತು ತೊದಲುತ್ತದಾ? ವಯಸ್ಸು, ಸಿಗರೇಟ್ ಅಭ್ಯಾಸ, ಬಿಪಿ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು, ಸ್ಟ್ರೋಕ್ ಆಗಿದ್ದು ಇದೆಯಾ? ಮಾತ್ರೆ ಬರೆಯುವ ಮುಂಚೆ ಇದನ್ನೆಲ್ಲ ಯಾರಾದರೂ ಕೇಳಿದ್ದರಾ?

ದಯವಿಟ್ಟು ಬೇಗ ಉತ್ತರಿಸಿ.


ಸಂಜೆಮಲ್ಲಿಗೆ:

ವಯಸ್ಸು 31. ಸಿಗರೇಟ್ ಇಲ್ಲ. ಬಿಪಿ ಆವತ್ತು ನೋಡಲಿಲ್ಲ, ಇದ್ಯಾವುದನ್ನೂ ಕೇಳಲೂ ಇಲ್ಲ.

ಮಿಣಮಿಣ ಅಂದರೆ ಹೀಗೆ. ಏನಾದರೂ ಓದುತ್ತಿರುವಾಗ ನಡುವಿನ ಒಂದು ಅಕ್ಷರ ಕಾಣುವುದಿಲ್ಲ. ಕಣ್ಣುಜ್ಜಿದರೂ ಕಾಣುವುದಿಲ್ಲ. ಆಮೇಲೆ ಆ ಜಾಗದಲ್ಲಿ ಹಲ್ಲುಹಲ್ಲಾದ ಗೆರೆಯೊಂದು ಹೊಳೆಯಲು ಶುರುವಾಗುತ್ತದೆ, ಅರ್ಧಚಂದ್ರದ ಆಕಾರ, ಅಂಚು ನಡುಗುತ್ತಿರುತ್ತದೆ. ನಿಧಾನವಾಗಿ ದೊಡ್ಡದಾಗುತ್ತಾ ಎಡಗಡೆಗೆ ಸರಿದು ಹೋಗುತ್ತದೆ. ಕಣ್ಣು ಮುಚ್ಚಿದರೂ ಕಾಣುತ್ತದೆ. ಸುಮಾರು 20 ನಿಮಿಷ. ಅದು ಹೋದ ಮೇಲೆ ತಲೆಯ ಒಂದೇ ಪಕ್ಕ ಸಿಡಿಯುತ್ತದೆ. ಕಳೆದ ಸಲ ಬೆರಳುಗಳು ಸ್ವಲ್ಪ ಜೋಮು ಹಿಡಿದಿದ್ದವು. ಮಾತ್ರೆಗೆ ಮುಂಚೆ ತಲೆನೋವು ಇತ್ತು, ಈ ಗೆರೆ ಇರಲಿಲ್ಲ.


ಔಷಧಿಚೀಟಿ:

ನೀವು ಹೇಳಿದ್ದು ಔರಾ ಇರುವ ಮೈಗ್ರೇನ್‌ನಂತೆ ಇದೆ. ತಲೆನೋವಿಗೆ ಮೊದಲು ಹೀಗೆ ಹೊಳೆಯುವ ಗೆರೆ ಕಾಣುವುದು, ಜೋಮು ಹಿಡಿಯುವುದು, ಇದಕ್ಕೇ ಔರಾ ಅನ್ನುತ್ತಾರೆ. ಖಚಿತ ಮಾಡಬೇಕಾದ್ದು ಡಾಕ್ಟರ್. ಆದರೆ ಈಸ್ಟ್ರೋಜನ್ ಇರುವ ಮಾತ್ರೆಯನ್ನು ಔರಾ ಇರುವವರಿಗೆ ಕೊಡಲೇಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಕಾರಣ ಸ್ಟ್ರೋಕ್. ಔರಾ ಇರುವವರಿಗೆ ಆ ಸಾಧ್ಯತೆ ಮೊದಲೇ ಸ್ವಲ್ಪ ಜಾಸ್ತಿ, ಈಸ್ಟ್ರೋಜನ್ ಅದನ್ನು ಇನ್ನೂ ಏರಿಸುತ್ತದೆ. ನಿಮ್ಮ ವಯಸ್ಸಿಗೆ ಸ್ಟ್ರೋಕ್ ಅಪರೂಪ, ಗಾಬರಿ ಬೇಡ. ಆದರೆ ಕಾಯುವ ವಿಷಯವೂ ಅಲ್ಲ.

ಇವತ್ತಿನ ಮಾತ್ರೆ ನುಂಗಬೇಡಿ. ಇವತ್ತೇ ಡಾಕ್ಟರನ್ನು ಕಾಣಿ, ಅವರು ಸಿಗದಿದ್ದರೆ ಬೇರೆಯವರನ್ನು. ಅಲ್ಲಿವರೆಗೆ ಕಾಂಡೋಮ್. ಈಚೆಗೆ ಗಂಡನ ಜೊತೆ ಸೇರಿದ್ದರೆ ಅದನ್ನೂ ಹೇಳಿ, ಮಧ್ಯದಲ್ಲಿ ಬಿಟ್ಟರೆ ಗರ್ಭ ನಿಲ್ಲುವ ಸಾಧ್ಯತೆ ಅವರು ಲೆಕ್ಕ ಹಾಕಬೇಕಾಗುತ್ತದೆ. ಒಂದು ಪಕ್ಕದ ಕೈಕಾಲಿನ ಶಕ್ತಿ ಹೋದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಒಂದು ನಿಮಿಷ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಓದುತ್ತಿರುವ ಉಳಿದವರಿಗೂ ಹೇಳಿಬಿಡುತ್ತೇನೆ. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಕಣ್ಣು ಮಂಜಾಗುವುದು, ಹಿಂದೆಂದೂ ಬರದಂಥ ತಲೆನೋವು, ಜೋರು ಹೊಟ್ಟೆನೋವು, ಇವು ಬಂದರೆ ತಡ ಮಾಡಬೇಡಿ. ಲೆಕ್ಕವನ್ನೂ ಕೇಳಿ, ಹೆದರಿಕೆ ಅಳತೆಯಲ್ಲಿರಲಿ. ಮಾತ್ರೆ ತಗೊಳ್ಳದ, ಗರ್ಭಿಣಿಯಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಎರಡು ಹಾರ್ಮೋನಿನ ಮಾತ್ರೆಯಲ್ಲಿ ಪ್ರೊಜೆಸ್ಟಿನ್ ಯಾವುದು ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ 5ರಿಂದ 7, ಡ್ರೋಸ್ಪಿರೆನೋನ್ ಅಥವಾ ಡೆಸೊಜೆಸ್ಟ್ರೆಲ್ ಇದ್ದರೆ 9ರಿಂದ 12. ಬಸುರಿ ಬಾಣಂತಿಯರಲ್ಲಿ ಇದಕ್ಕಿಂತ ಜಾಸ್ತಿ. ಸ್ಟ್ರಿಪ್ ಹಿಂದೆ ಯಾವ ಹೆಸರಿದೆ ಅಂತ ಒಮ್ಮೆ ತಿರುಗಿಸಿ ನೋಡಿಕೊಳ್ಳಿ.

ಬೇರೆ ಔಷಧಿ ತಗೊಳ್ಳುವವರು ಅದನ್ನು ಹೇಳಲೇಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫಿನೈಟೋಯಿನ್ ಇವು ಗರ್ಭನಿರೋಧಕದ ಬಲವನ್ನೇ ಕುಗ್ಗಿಸುತ್ತವೆ. ಲ್ಯಾಮೋಟ್ರಿಜಿನ್‌ನದ್ದು ಉಲ್ಟಾ, ಈಸ್ಟ್ರೋಜನ್ ಅದರ ಪ್ರಮಾಣವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ, ನಿಂತಿದ್ದ ಫಿಟ್ಸ್ ಮತ್ತೆ ಬರಬಹುದು. ಸಾಮಾನ್ಯ ಆಂಟಿಬಯೋಟಿಕ್‌ಗಳಿಂದ ಈ ತೊಂದರೆ ಇಲ್ಲ.


ಕನಕಾಂಬರ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪೀರಿಯಡ್ಸ್ ಮುಂದಕ್ಕೆ ಹಾಕಲು ತಗೊಳ್ಳುವ ಮಾತ್ರೆಗೂ ಇದೆಲ್ಲ ಅನ್ವಯಿಸುತ್ತದಾ? ಅದು ನಮ್ಮ ಮನೆಯಲ್ಲಿ ಎಲ್ಲರೂ ಕೇಳದೇ ತಗೊಳ್ಳುತ್ತಾರೆ.


ಔಷಧಿಚೀಟಿ:

ಒಳ್ಳೆಯ ಪ್ರಶ್ನೆ. ಅದು ಸಾಮಾನ್ಯವಾಗಿ ನೊರೆಥಿಸ್ಟರೋನ್, 5 ಮಿಲಿಗ್ರಾಂ ದಿನಕ್ಕೆ 3 ಸಲ. ಹೆಸರಿಗೆ ಪ್ರೊಜೆಸ್ಟಿನ್ ಆದರೂ ಆ ಪ್ರಮಾಣದಲ್ಲಿ ಅದರ ಸ್ವಲ್ಪ ಭಾಗ ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಹಾಗಾಗಿ ಹಿಂದೆ ರಕ್ತ ಹೆಪ್ಪುಗಟ್ಟಿದವರು ಕೇಳದೆ ಮುಟ್ಟಬಾರದು. ಇನ್ನೊಂದು, ಹೀಗೆ ಮುಂದೂಡಲು ತಗೊಂಡಾಗ ಅದನ್ನು ಗರ್ಭನಿರೋಧಕ ಅಂತ ನಂಬಬೇಡಿ.


ದೊಡ್ಡಕ್ಕ:

ನಾನು ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ತಗೊಂಡಿದ್ದವಳು. ಅದರಲ್ಲಿ ತೂಕ ಏರುವುದು ನಿಜ, ನನಗೆ ಏರಿತು. ಮುಟ್ಟು ಪೂರ್ತಿ ನಿಂತಿತು, ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಅಂತ ಹೆದರಿದ್ದೆ, ಹಾಗೇನೂ ಇಲ್ಲವಂತೆ, ಒಳಪದರವೇ ಬೆಳೆಯುವುದಿಲ್ಲ. ನನಗೆ ಸಿಟ್ಟಿರುವುದು ಬೇರೆ ಕಾರಣಕ್ಕೆ. ಬಿಟ್ಟ ಮೇಲೆ ಗರ್ಭ ನಿಲ್ಲಲು ವರ್ಷದ ಹತ್ತಿರ ಆಗಬಹುದು ಅಂತ, ತುಂಬಾ ಕಾಲ ತಗೊಂಡರೆ ಮೂಳೆಯ ಗಟ್ಟಿತನ ಕಡಿಮೆ ಆಗುತ್ತದೆ ಅಂತ ಸೂಜಿ ಚುಚ್ಚುವ ಮೊದಲು ಯಾರೂ ಹೇಳಲಿಲ್ಲ. ಹೇಳಿದ್ದರೆ ಎರಡನೆಯ ಮಗುವಿಗೆ ತಿಂಗಳು ತಿಂಗಳೂ ಕಾದು ಕಾದು ಅಷ್ಟು ಅಳುತ್ತಿರಲಿಲ್ಲ.

ಇದು ಇವತ್ತಿನ ಕಥೆ ಅಲ್ಲ. 1956ರಲ್ಲಿ ಪೋರ್ಟೊ ರಿಕೊದಲ್ಲಿ ಮೊದಲ ಮಾತ್ರೆಯ ದೊಡ್ಡ ಪರೀಕ್ಷೆ ನಡೆದಾಗ, ಅಲ್ಲಿ ಉಸ್ತುವಾರಿ ನೋಡಿದ ಡಾಕ್ಟರ್ ಎಡ್ರಿಸ್ ರೈಸ್-ರೇ ಅನ್ನುವ ಹೆಂಗಸು, ಗರ್ಭ ತಡೆಯುತ್ತದೆ ನಿಜ, ಆದರೆ ತಲೆಸುತ್ತು, ವಾಂತಿ, ತಲೆನೋವು ತುಂಬಾ ಜಾಸ್ತಿ ಅಂತ ವರದಿ ಕೊಟ್ಟರು. ಪರೀಕ್ಷೆ ನಡೆಸುತ್ತಿದ್ದ ದೊಡ್ಡವರು ಅದೆಲ್ಲ ಮನಸ್ಸಿನದ್ದು ಅಂತ ಆಕೆಯ ಮಾತನ್ನು ತಳ್ಳಿಹಾಕಿದರು. ಆಗಿನ ಮಾತ್ರೆಯಲ್ಲಿ ಹಾರ್ಮೋನ್ ಈಗಿನದ್ದಕ್ಕಿಂತ ಎಷ್ಟೋ ಪಟ್ಟು ಇತ್ತು. 1970ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಇದರ ವಿಚಾರಣೆ ನಡೆದಾಗ ಮಾತ್ರೆ ನುಂಗಿದ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಹೆಂಗಸರೇ ಎದ್ದು ನಿಂತು ಕೂಗಿ ಕೇಳಿದರು. ಅದೇ ವರ್ಷ ಅಲ್ಲಿ ಮಾತ್ರೆಯ ಜೊತೆ ಎಚ್ಚರಿಕೆಯ ಚೀಟಿ ಇಡಬೇಕು ಅಂತ ಆದೇಶ ಆಯಿತು. ಆ ಚೀಟಿಯನ್ನು ಬಿಸಾಡಬೇಡಿ, ಪೂರ್ತಿ ಓದಿ.


ಸಂಜೆಮಲ್ಲಿಗೆ:

ಹೋಗಿ ಬಂದೆ. ಬೇರೆ ಡಾಕ್ಟರ್. ಗೆರೆಯ ಚಿತ್ರ ಬಿಡಿಸಿ ತೋರಿಸಿದೆ, ನೋಡಿದ ಕೂಡಲೇ ಮಾತ್ರೆ ನಿಲ್ಲಿಸಿ ಅಂದರು. ಬಿಪಿ ನೋಡಿದರು, ಮನೆಯವರ ಕಾಯಿಲೆಗಳನ್ನೆಲ್ಲ ಕೇಳಿ ಬರೆದುಕೊಂಡರು, ನರರೋಗ ತಜ್ಞರಿಗೆ ಚೀಟಿ ಕೊಟ್ಟಿದ್ದಾರೆ. ಬರೀ ಪ್ರೊಜೆಸ್ಟಿನ್ ಮಾತ್ರೆ ಕೊಡಬಹುದು, ಆದರೆ ಮನಸ್ಸಿನ ವಿಷಯ ಹೇಳುತ್ತಿದ್ದೀರಲ್ಲ, ಹಾರ್ಮೋನ್ ಇಲ್ಲದ, ಗರ್ಭಕೋಶದೊಳಗೆ ಇಡುವ ಕಾಪರ್ ಟಿ ಯೋಚಿಸಿ ಅಂದರು. ಅಳುವಿನ ಬಗ್ಗೆಯೂ ಕೇಳಿದರು, ಮಾತ್ರೆ ಬಿಟ್ಟ ಮೇಲೂ ಹೀಗೇ ಇದ್ದರೆ ಬಂದು ಹೇಳಿ, ಅದಕ್ಕೂ ಚಿಕಿತ್ಸೆ ಇದೆ ಅಂದರು. ಅಷ್ಟು ಕೇಳಿದ್ದಕ್ಕೇ ಅರ್ಧ ಭಾರ ಇಳಿಯಿತು.

ಔಷಧಿಚೀಟಿ ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಕಾಪರ್ ಟಿ ಹಾಕಿಸಿಕೊಂಡವರು ಇದ್ದರೆ ಮೊದಮೊದಲು ಹೇಗಿತ್ತು ಅಂತ ಮುಚ್ಚುಮರೆ ಇಲ್ಲದೆ ಹೇಳಿ.


ಹೊಂಗೆನೆರಳು:

ನಾನು ಹಾಕಿಸಿಕೊಂಡಿದ್ದು ಅದನ್ನೇ. ಹಾಕುವಾಗ ಹೊಟ್ಟೆ ಹಿಡಿದು ಹಿಂಡಿದ ಹಾಗೆ ನೋವು, ಸ್ವಲ್ಪ ಹೊತ್ತು. ಮೊದಲ ಕೆಲವು ತಿಂಗಳು ಬ್ಲೀಡಿಂಗ್ ಜಾಸ್ತಿ, ನೋವೂ ಜಾಸ್ತಿ, ಆಮೇಲೆ ತಗ್ಗಿತು. ನಿಮಗೆ ಮೊದಲೇ ಮುಟ್ಟು ಜೋರಿದ್ದರೆ ಹಿಮೋಗ್ಲೋಬಿನ್ ನೋಡಿಸಿಕೊಂಡೇ ಹೋಗಿ. ವಾಪಸ್ ಬರುವಾಗ ಜೊತೆಗೆ ಯಾರಾದರೂ ಇರಲಿ. ಜ್ವರ, ವಾಸನೆಯ ಸ್ರಾವ ಬಂದರೆ ಅಥವಾ ಕಾಪರ್ ಟಿಯ ದಾರ ಕೈಗೆ ಸಿಗದಿದ್ದರೆ ತಕ್ಷಣ ತೋರಿಸಿ.