ಕಿಡ್ನಿ ಸೋಂಕಿಗೆ ಗಿಡಮೂಲಿಕೆ ಸಾಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಂಗಿಗೆ ನಿನ್ನೆಯಿಂದ ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದೇ ಕಡೆ ನೋವು, ಮೂತ್ರ ಮಾಡುವಾಗ ಉರಿ. ಪರೀಕ್ಷೆ ಮಾಡಿ ಕಿಡ್ನಿ ಸೋಂಕು ಅಂದರು, ಆಂಟಿಬಯೋಟಿಕ್ ಬರೆದುಕೊಟ್ಟರು. ಅವಳು ಮಾತ್ರೆ ಬೇಡ, ನೆಗ್ಗಿಲು ಕಷಾಯ ಸಾಕು ಅಂತಿದ್ದಾಳೆ. ಕ್ರ್ಯಾನ್‌ಬೆರಿ ಹಣ್ಣಿಗೂ ಪುರಾವೆ ಇದೆಯಂತೆ. ನಿಜನಾ?

ಉತ್ತರ (ಕಿಡ್ನಿ ತಜ್ಞೆ): ದಯವಿಟ್ಟು ಮೊದಲು ಮಾತ್ರೆ ಶುರು ಮಾಡಿಸಿ. ಇದನ್ನು ಓದಿ ಮುಗಿಸುವವರೆಗೂ ಕಾಯಬೇಡಿ.

ಪುರಾವೆ ಇದೆ, ಆದರೆ ಅದು ನಿಮ್ಮ ತಂಗಿಗೆ ಬಂದಿರುವ ಕಾಯಿಲೆಗಲ್ಲ. ಕ್ರ್ಯಾನ್‌ಬೆರಿ ಬಗ್ಗೆ 50 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆ 2023ರಲ್ಲಿ ಬಂತು. ಪದೇ ಪದೇ ಮೂತ್ರದ ಸೋಂಕು ಬರುವ ಹೆಂಗಸರಲ್ಲಿ ಅದು ಮತ್ತೆ ಬರುವುದು ಕಡಿಮೆಯಾಗಿತ್ತು. ಅಂದರೆ ಸೋಂಕು ಬರದಂತೆ ತಡೆಯಲು ನೆರವಾಗುತ್ತದೆ. ಬಂದ ಸೋಂಕನ್ನು ಅದು ವಾಸಿ ಮಾಡುವುದಿಲ್ಲ.

ಮೂತ್ರದ ಸೋಂಕಿಗೆ ಬಳಸುವ ಇನ್ನೊಂದು ಗಿಡ ಬೇರ್‌ಬೆರಿ, ಅದರ ಎಲೆಯದು ಬೇರೆಯೇ ಕಥೆ. ಬರೀ ಮೂತ್ರಕೋಶದ ಸೋಂಕಿದ್ದ ಹೆಂಗಸರ ಮೇಲೆ ಜರ್ಮನಿಯಲ್ಲಿ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಎಲೆಯ ಔಷಧಿ ತೆಗೆದುಕೊಂಡವರಲ್ಲಿ ಆಂಟಿಬಯೋಟಿಕ್ ಬಳಕೆ ಇಳಿಯಿತು, ನಿಜ. ಆದರೆ ಮೊದಲೇ ಆಂಟಿಬಯೋಟಿಕ್ ತೆಗೆದುಕೊಂಡವರಿಗಿಂತ ಉರಿ, ನೋವು ಅವರಿಗೇ ಜಾಸ್ತಿ ಇತ್ತು. ಸೋಂಕು ಕಿಡ್ನಿಗೆ ಏರಿದ್ದೂ ಅವರಲ್ಲೇ ಹೆಚ್ಚು.

ನೆಗ್ಗಿಲು, ಪುನರ್ನವ ಬಹಳ ಹಿಂದಿನಿಂದಲೂ ಬಳಕೆಯಲ್ಲಿವೆ. ಅದಕ್ಕೆ ನನಗೆ ಗೌರವವಿದೆ. ಆದರೆ ಅವುಗಳಿಂದ ಮನುಷ್ಯರ ಕಿಡ್ನಿ ಸೋಂಕು ವಾಸಿಯಾಗುತ್ತದೆ ಎಂದು ತೋರಿಸುವ ಗಟ್ಟಿ ಪ್ರಯೋಗ ಇಲ್ಲ.

ಪ್ರಶ್ನೆ: ಲ್ಯಾಬ್‌ನಲ್ಲಿ ಕೆಲವು ಗಿಡಗಳ ರಸಕ್ಕೆ, ಮೂತ್ರದ ಸೋಂಕು ತರುವ ಈ. ಕೋಲಿ ಬ್ಯಾಕ್ಟೀರಿಯಾ ಸಾಯುತ್ತೆ ಅಲ್ವಾ ಮೇಡಂ?

ಉತ್ತರ: ಸಾಯುತ್ತೆ. ಗಾಜಿನ ತಟ್ಟೆಯಲ್ಲಿ ರಸ ನೇರವಾಗಿ ಬ್ಯಾಕ್ಟೀರಿಯಾ ಮೇಲೆ ಬೀಳುತ್ತದೆ. ಕುಡಿದ ಕಷಾಯ ಜೀರ್ಣವಾಗಿ, ರಕ್ತಕ್ಕೆ ಸೇರಿ, ಕಿಡ್ನಿಯ ಒಳಗೆ ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕು. ನೈಟ್ರೋಫ್ಯುರಾಂಟೋಯಿನ್ ಅಂತ ಒಂದು ಆಂಟಿಬಯೋಟಿಕ್ ಇದೆ. ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧಿ. ಆದರೂ ಕಿಡ್ನಿ ಸೋಂಕಿಗೆ ಅದನ್ನು ನಾವು ಕೊಡುವುದಿಲ್ಲ, ಯಾಕಂದ್ರೆ ಮೂತ್ರದಲ್ಲಿ ಸೇರುವಷ್ಟು ಅದು ಕಿಡ್ನಿಯ ಮಾಂಸದಲ್ಲಿ ಸೇರುವುದಿಲ್ಲ. ಸಾಬೀತಾದ ಆಂಟಿಬಯೋಟಿಕ್ಕೇ ಅಲ್ಲಿ ಸಾಲದು ಅಂದಮೇಲೆ ಕಷಾಯವನ್ನು ನಂಬಿ ಕೂರಲು ನನಗಂತೂ ಧೈರ್ಯ ಬರುವುದಿಲ್ಲ. ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮಾತ್ರೆ ಜೊತೆಗೇ ಕಷಾಯ ಕುಡಿದರೆ ತೊಂದರೆ ಇದೆಯಾ ಡಾಕ್ಟ್ರೇ?

ಉತ್ತರ: ಸೋಂಕು ಇಳಿಯುವವರೆಗೆ ಬೇಡ. ಗಿಡಮೂಲಿಕೆ ಅಂದಮಾತ್ರಕ್ಕೆ ಕಿಡ್ನಿಗೆ ಹಾನಿ ಇಲ್ಲ ಅಂತಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿಹೋಯಿತು. ಎಷ್ಟೋ ಹೆಂಗಸರ ಕಿಡ್ನಿ ಪೂರ್ತಿ ಹಾಳಾಯಿತು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಜಾತಿಯದು. ಈಗಾಗಲೇ ಏನಾದರೂ ಕುಡಿಯುತ್ತಿದ್ದರೆ ಮುಚ್ಚಿಡದೆ ನಿಮ್ಮ ಡಾಕ್ಟರಿಗೆ ಹೇಳಿ, ಅವರು ಬೈದರೂ ಪರವಾಗಿಲ್ಲ.

ತಂಗಿಯ ವಿಷಯಕ್ಕೆ ಬಂದರೆ, ಮೂತ್ರದ ಕಲ್ಚರ್ ವರದಿ (ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ತೋರಿಸುವ ಪರೀಕ್ಷೆ) ಬಂದ ಕೂಡಲೇ ಡಾಕ್ಟರಿಗೆ ತೋರಿಸಿ, ಔಷಧಿ ಬದಲಿಸಬೇಕಾಗಬಹುದು. ಜ್ವರ ಬಿಟ್ಟಿತು ಅಂತ ಮಾತ್ರೆಯನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ಮಂಪರು ಬಂದರೆ, ಮೂತ್ರ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 48 ಗಂಟೆ ಔಷಧಿ ತೆಗೆದುಕೊಂಡ ಮೇಲೂ ಜ್ವರ ಇಳಿಯದಿದ್ದರೂ ಅಷ್ಟೇ. ಗರ್ಭಿಣಿಯಾಗಿದ್ದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಇದ್ಯಾವುದಕ್ಕೂ ಕಾಯದೆ ಇವತ್ತೇ ಹೊರಡಿ.